ಟ್ರ್ಯಾಕ್ಟರಿನ ಮುಂದೆ ಏನು ಕಟ್ಟುವುದು

ನವೆಂಬರ್ 16, 2018, ಶುಕ್ರವಾರ

ಮತ್ತೆ ಸಲಿಕೆ. ಅರ್ಧ ದಾರಿಯೂ ಆಗಲಿಲ್ಲ. ಮನೆಯಿಂದ ಕೆಳಗಿನ ರಸ್ತೆಗೆ ಅರ್ಧ ಕಿಲೋಮೀಟರ್ — ಕಾಡಿನ ನಡುವೆ ಜಲ್ಲಿ ಹಾಸಿದ ಇಳಿಜಾರು. ಹಿಮ ಬಿದ್ದರೆ ಬಾಡಿಗೆಗೆ ಇರುವವರೇ ತೆಗೆಯಬೇಕು, ಕರಾರಿನಲ್ಲೇ ಇದೆ. ಅದಕ್ಕೇ ಮನೆ ಅಗ್ಗ, ಅದಕ್ಕೇ ಭಾವ ಇದನ್ನು ಹಿಡಿದದ್ದು ಎನ್ನುತ್ತಾಳೆ ಅಕ್ಕ. ನನಗೆ ಬೇರೆ ಕಾರಣ ಕಾಣುತ್ತದೆ. ಸುತ್ತ ಒಂದೂ ಮನೆಯಿಲ್ಲ. ಕೆಳಗೆ, ರಸ್ತೆಗೆ ತಾಗಿ, ಮಾಲಕಿ ಒಬ್ಬರೇ — ಶ್ರೀಮತಿ ಹೌಗ್, ಇಲ್ಲಿಯ ಜರ್ಮನ್‌ನಲ್ಲಿ ಫ್ರೌ ಹೌಗ್.

ಅಕ್ಕನಿಗೆ ಏಳು ತಿಂಗಳು. ಸಲಿಕೆ ಕಿತ್ತುಕೊಂಡರೂ ಬಿಡುವುದಿಲ್ಲ. “ಅವರು ಹೊರಡೋ ಹೊತ್ತಿಗೆ ಆಗಿರ್ಬೇಕು ಪುಟ್ಟಿ.”

ಆಗಿರಲಿಲ್ಲ. ತಿರುವಿನಲ್ಲಿ ಭಾವನ ಕಾರು ಜಾರಿ ಮರಕ್ಕೆ ಉಜ್ಜಿತು. ಇಳಿದು ನೋಡಿದರು. ಬಾಗಿಲ ಮೇಲೆ ಉದ್ದ ಗೀರು. ಗೀರಿನುದ್ದಕ್ಕೂ ಬೆರಳೆಳೆದರು. ಬೊಬ್ಲಿಂಗೆನ್ ಊರಿನ ಆಫೀಸಿಗೆ ಹೋದರು.

ಸಂಜೆ

ಬಂದವರೇ ಟಿವಿ ಹಾಕಿದರು. ಕನ್ನಡ ನ್ಯೂಸ್. ವಾಲ್ಯೂಮ್ ಏರಿಸಿದರು. ಅಕ್ಕ ಕೈಯಲ್ಲಿದ್ದ ಸೌಟು ಇಟ್ಟು ತಾನಾಗಿಯೇ ರೂಮಿಗೆ ಹೋದಳು. ಕರೆಯಲೂ ಇಲ್ಲ. ಹೋದಳು. ಹಿಂದೆ ಭಾವ.

ಆ್ಯಂಕರ್ ಯಾವುದೋ ಮೀಸಲಾತಿ ಬಗ್ಗೆ ಕೂಗಾಡುತ್ತಿದ್ದ. ಅದರ ನಡುವೆ, ಗೋಡೆಗೆ ಏನೋ ಬಡಿದ ಸದ್ದು. ಮತ್ತೆ. ನಾನು ಜರ್ಮನಿಗೆ ಬಂದು ವಾರವಷ್ಟೇ. ಅಮ್ಮನಿಗೆ ಮಂಡಿ ಆಪರೇಷನ್, ಹಾಗಾಗಿ ಬಾಣಂತನಕ್ಕೆ ನಾನು. ಎಂ.ಎ. ಮುಗಿಸಿ ಮನೆಯಲ್ಲಿ ಕೂತವಳು. ಫೋನಿನಲ್ಲಿ ನಾಲ್ಕು ವರ್ಷ ಅಕ್ಕ ನಗುತ್ತಲೇ ಇದ್ದಳಲ್ಲ...

ಸಾರು ಉಕ್ಕಿತು. ಒಲೆ ಆರಿಸಿದೆ. ಅಷ್ಟೇ ಮಾಡಿದ್ದು.

ನವೆಂಬರ್ 18, ಭಾನುವಾರ

ಫ್ರೌ ಹೌಗ್ ಬಂದಿದ್ದರು. ಎಪ್ಪತ್ತೆಂಟು. ಗಂಡಸರ ಬೂಟು. ಹೊಟ್ಟೆ ಹೊತ್ತವಳು ಸಲಿಕೆ ಹಿಡಿದದ್ದನ್ನು ಕಂಡಿದ್ದಾರೆ. ನೇರ ಭಾವನಿಗೇ ಅಂದರು — ನನ್ನ ಗಂಡನ ಸಣ್ಣ ಟ್ರ್ಯಾಕ್ಟರ್ ಷೆಡ್ಡಿನಲ್ಲಿದೆ, ಬಳಸಿ, ಹಿಮ ತೆಗೆಯುವ ಉಪಕರಣ ಮಾತ್ರ ತುಕ್ಕು ಹಿಡಿದು ಹೋಯಿತು, ಅದನ್ನು ನೀವೇ ಕೊಳ್ಳಬೇಕು.

ಭಾವ ಎಷ್ಟು ಚೆನ್ನಾಗಿ ನಕ್ಕರು! ಫೀಲೆನ್ ಡಾಂಕ್, ಫೀಲೆನ್ ಡಾಂಕ್ ಎಂದು ಥ್ಯಾಂಕ್ಸ್ ಹೇಳಿದ್ದೇ ಹೇಳಿದ್ದು. ಬಾಗಿಲು ಹಾಕಿದ ಮೇಲೆ ನನ್ನ ಕಡೆ ತಿರುಗಿದರು.

“ಏನು ಎಂ.ಎ. ಮೇಡಂ, ಮೈಸೂರಲ್ಲಿ ಜರ್ಮನ್ ಡಿಪ್ಲೊಮಾ ಮಾಡಿದೀನಿ ಅಂತ ಕೊಚ್ಕೋತಿದ್ದೆ. ಕ್ಯಾಟಲಾಗ್ ಓದು. ಯಾವುದು ತಗೋಬೇಕು ಹೇಳು. ತಪ್ಪಾದ್ರೆ ನಿನ್ನನ್ನೇ ಟ್ರ್ಯಾಕ್ಟರ್ ಮುಂದೆ ಕಟ್ತೀನಿ.”

ತಮಾಷೆಗೆ ಎಂಬಂತೆ ಅಕ್ಕ ನಕ್ಕಳು. ನಗುವಾಗ ಪಕ್ಕೆ ಹಿಡಿದುಕೊಂಡಳು.

ನವೆಂಬರ್ 21

ಓದುತ್ತಿದ್ದೇನೆ. ಮೂರು ಬಗೆ.

ಒಂದು ಬ್ರಷ್. ಉದ್ದ ಉರುಳೆ, ತುಂಬ ಬಿರುಗೂದಲು. ನಾಲ್ಕು ಬೆರಳು ಹಿಮಕ್ಕೆ ಚೆನ್ನ. ಮೊಣಕಾಲುದ್ದ ಬಿದ್ದರೆ ಸೋಲುತ್ತದೆ.

ಎರಡು ಫ್ರೇಝೆ. ಮುಂದೆ ದೊಡ್ಡ ಬಾಯಿ, ಬಾಯೊಳಗೆ ತಿರುಗುವ ಕಬ್ಬಿಣದ ಸುರುಳಿ. ಹಿಮವನ್ನು ಜಗಿದು ಕೊಳವೆಯಲ್ಲಿ ದೂರ ಉಗುಳುತ್ತದೆ. ಕೈ ಹಾಕಬಾರದೆಂದು ಪುಟಪುಟದಲ್ಲೂ ಚಿತ್ರ — ಬೆರಳುಗಳು ಬಿಡಿಬಿಡಿಯಾಗಿ ಹಾರುತ್ತಿವೆ. ಎಷ್ಟೇ ಆಳವಿದ್ದರೂ ತೆಗೆಯುತ್ತದೆ, ಆದರೆ ತೆವಳುತ್ತದೆ. ಮನುಷ್ಯ ನಡೆಯುವುದಕ್ಕಿಂತ ನಿಧಾನ.

ಮೂರು ಶಿಲ್ಟ್. ಬಾಗಿದ ಕಬ್ಬಿಣದ ಹಲಗೆ, ಅಷ್ಟೇ. ನೂಕುತ್ತದೆ. ಓರೆ ಮಾಡಿಟ್ಟರೆ ಹಿಮವನ್ನು ಪಕ್ಕಕ್ಕೆ ಮಗುಚುತ್ತ ಹೋಗುತ್ತದೆ. ಟ್ರ್ಯಾಕ್ಟರ್ ಎಷ್ಟು ಜೋರೋ ಅಷ್ಟು ಜೋರು.

ನವೆಂಬರ್ 25, ಭಾನುವಾರ

ಇವತ್ತು ಕೇಳಿಯೇಬಿಟ್ಟೆ. ಭಾವ ಸ್ನಾನಕ್ಕೆ ಹೋದಾಗ.

“ಅಕ್ಕ, ಹೊರಟುಬಿಡೋಣ.”

“ಎಲ್ಲಿಗೆ?”

“ಎಲ್ಲಿಗಾದ್ರೂ.”

“ಇಲ್ಲಿರೋಕೆ ಬೇಕಾದ ಬ್ಲೂ ಕಾರ್ಡು ಅವರ ಹೆಸರಲ್ಲಿ ಕಣೇ. ನಂದು ಅದಕ್ಕೆ ಅಂಟಿಕೊಂಡಿರೋದು. ಬಿಟ್ಟು ಹೋದ್ರೆ ಮಗೂನ ಇಲ್ಲೇ ಇಟ್ಕೊಂಡು ನನ್ನನ್ನ ಪ್ಲೇನ್ ಹತ್ತಿಸ್ತಾರೆ.”

“ಯಾರು ಹೇಳಿದ್ದು?”

“ಅವರೇ.”

ಸ್ನಾನದ ಮನೆಯ ನೀರು ನಿಂತಿತು. ಅಕ್ಕ ತಟ್ಟನೆ, “ಮೆಂತ್ಯ ಸೊಪ್ಪು ಇಲ್ಲಿ ಸಿಗಲ್ವೇ ಪುಟ್ಟಿ,” ಎಂದಳು. ಅದೇ ದನಿ. ಎಷ್ಟು ಅಭ್ಯಾಸ!

ಕಾರಿನ ಕೀ ಭಾವನ ಜೇಬಿನಲ್ಲಿ. ಪಾಸ್‌ಪೋರ್ಟ್, ನನ್ನದೂ ಸೇರಿ, ಬೀಗ ಹಾಕಿದ ಸೂಟ್‌ಕೇಸಿನಲ್ಲಿ. ಜನವರಿಯಲ್ಲಿ ಇಲ್ಲಿ ಸೊಂಟದವರೆಗೆ ಬೀಳುತ್ತದಂತೆ. ತುಂಬಿದ ಬಸುರಿ ಅದರಲ್ಲಿ ಅರ್ಧ ಕಿಲೋಮೀಟರ್ ನಡೆಯಲಾರಳು.

ಹಾಗಾದರೆ ಟ್ರ್ಯಾಕ್ಟರ್. ಅದೊಂದೇ.

ಬ್ರಷ್ ಸೋಲುತ್ತದೆ. ಫ್ರೇಝೆ ಕಟ್ಟಿದರೆ ಅವರು ಹಿಂದೆ ನಡೆದೇ ಬಂದು ಕೂದಲು ಹಿಡಿಯಬಹುದು. ಶಿಲ್ಟ್ ಮಾತ್ರ ಓಡುತ್ತದೆ.

ತೀರ್ಮಾನವಾಯಿತು. ಅಕ್ಕನಿಗೂ ಹೇಳುವುದಿಲ್ಲ.

ಡಿಸೆಂಬರ್ 1, ಶನಿವಾರ

ಕೃಷಿ ಯಂತ್ರಗಳ ಅಂಗಡಿ. ಭಾವ ಸೀದಾ ಫ್ರೇಝೆ ಮುಂದೆ ಹೋಗಿ ನಿಂತರು. ವಿಡಿಯೋ ನೋಡಿದ್ದಾರೆ.

“ಇದು ಮೆಷಿನ್ ಅಂದ್ರೆ! ಹನ್ನೆರಡು ಮೀಟರ್ ಎಸೆಯುತ್ತಂತೆ.”

ನಾಲಿಗೆ ಒಣಗಿತು. ಕ್ಲಾಸಿನಲ್ಲಿ ಸೆಮಿನಾರ್ ಓದಲು ಎದ್ದಾಗಲೂ ಹೀಗೇ ಆಗುತ್ತಿತ್ತು.

“ಭಾವ... ಜಲ್ಲಿ ದಾರಿ ಅಲ್ವಾ. ಸ್ನೋ ಜೊತೆ ಕಲ್ಲೂ ಎಸೆಯುತ್ತೆ. ನಿಮ್ಮ ಕಾರು ಅಲ್ಲೇ ನಿಲ್ಲೋದು.”

ಕಾರು ಎಂದದ್ದೇ ಕಿವಿ ಕೊಟ್ಟರು. ಸೇಲ್ಸ್‌ಮನ್ ನನ್ನನ್ನೇ ಕೇಳಿದ, ಜರ್ಮನ್‌ನಲ್ಲಿ — ದಾರಿ ಎಂಥದು, ಇಳಿಜಾರು ಎಷ್ಟು. ಹೇಳಿದೆ. ಈ ಹುಡುಗಿ ಅನ್ನುವುದೇ ಸರಿ, ಜಲ್ಲಿಗೆ ಶಿಲ್ಟೇ, ಎಂದ. ಅಂಚು ರಬ್ಬರಿನದೋ ಉಕ್ಕಿನದೋ? ರಸ್ತೆ ಗುಡಿಸುವ ಸರ್ಕಾರಿ ಗಾಡಿ ನಮ್ಮ ದಾರಿಯ ಬಾಯಿಗೆ ಗಟ್ಟಿ ಹಿಮದ ಕಟ್ಟೆ ಕಟ್ಟಿ ಹೋಗುತ್ತದೆ. ಅದನ್ನು ಒಡೆಯಬೇಕು. ಉಕ್ಕು, ಎಂದೆ. ಮುಂದೆ ಇಷ್ಟು ಭಾರ ಕಟ್ಟಿದರೆ ಹಿಂದೆಯೂ ಭಾರ ಬೇಕಂತೆ. ಒಂದು ಮರದ ಪೆಟ್ಟಿಗೆ, ಅದರೊಳಗೆ ಮರಳಿನ ಚೀಲ. ಅದನ್ನೂ ತೆಗೆದುಕೊಂಡೆವು.

ಭಾವ ಅಂಗಡಿಯಲ್ಲಿ ಪೂರ್ತಿ ನಗುತ್ತಲೇ ಇದ್ದರು. ಕಾರು ಹತ್ತಿದೆವು. ಬೆಲ್ಟ್ ಹಾಕಿಕೊಂಡರು. ನಾನೂ ಹಾಕಿಕೊಳ್ಳಲಿ ಎಂದು ಕಾದರು. ಆಮೇಲೆ ಹಿಂಗೈಯಿಂದ ಕಿವಿಯ ಮೇಲೆ.

“ಇನ್ನೊಬ್ಬರ ಮುಂದೆ ನಂಗೆ ಪಾಠ ಹೇಳ್ಬೇಡ.”

ದಾರಿಯುದ್ದಕ್ಕೂ ಎಡಗಿವಿಯಲ್ಲಿ ಜೀರುಂಡೆ. ಈಗಲೂ ಇದೆ. ಶಿಲ್ಟ್ ಮಾತ್ರ ಬಂತು.

ಡಿಸೆಂಬರ್ 8

ಭಾವ ಟ್ರ್ಯಾಕ್ಟರ್ ಮುಟ್ಟುವುದಿಲ್ಲ. “ನಾನು ಇಲ್ಲಿ ಎಂಜಿನಿಯರ್ ಆಗಿ ಬಂದಿರೋದು. ರೋಡ್ ಬಾಚೋ ಕೂಲಿ ಕೆಲಸಕ್ಕೆ ನೀವಿದೀರಲ್ಲ.” ಮನೆಯ ಎಲ್ಲ ಕೀಗಳೂ ಅವರ ಹತ್ತಿರ. ಟ್ರ್ಯಾಕ್ಟರಿನದು ಮಾತ್ರ ಷೆಡ್ಡಿನ ಮೊಳೆಗೆ, ಪೊರಕೆ ಪಕ್ಕ. ಅದನ್ನು ಕೀ ಎಂದೇ ಅವರು ಲೆಕ್ಕಕ್ಕಿಟ್ಟಿಲ್ಲ.

ಫ್ರೌ ಹೌಗ್ ಕಲಿಸಿದರು. ಎಡಗಾಲು ಕ್ಲಚ್, ಬಲಗಾಲು ಬ್ರೇಕ್, ಬಲಗೈ ಪಕ್ಕದ ಹಿಡಿ ಒತ್ತಿದರೆ ಹಲಗೆ ಇಳಿಯುತ್ತದೆ. ಮೂರು ಸಲ ಇಂಜಿನ್ ನಿಲ್ಲಿಸಿದೆ. ಒಂದು ಸಲ ಅವರ ಬೇಲಿ ಉರುಳಿಸಿದೆ. ಬೈಯಲಿಲ್ಲ. “ಇನ್ನೊಮ್ಮೆ. ಜೋರಾಗಿ. ಹೆದರಿ ನೂಕಿದರೆ ಹಿಮ ಕದಲೋದಿಲ್ಲ,” ಎಂದರು.

ತಿರುವು ದಾಟಿದ ಮೇಲೆ, ಯಾರೂ ಕಾಣದ ಕಡೆ, ಪೂರ್ತಿ ವೇಗ ಕೊಟ್ಟೆ. ಹಿಮ ಹಲಗೆಯ ಅಂಚಿಗೆ ಅಲೆಯಂತೆ ಎದ್ದು ಮಗುಚಿತು. ಕೂಗಿದೆ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಬಂದದ್ದನ್ನು ನಾನೇ ಕೇಳಿರಲಿಲ್ಲ.

ಡಿಸೆಂಬರ್ 30

ಬರೆಯಲು ಆಗುತ್ತಿರಲಿಲ್ಲ. ಬಲಗೈ. ಈಗಲೂ ಅಕ್ಷರ ಓಡಾಡುತ್ತಿದೆ.

ಅಕ್ಕನ ಡಾಕ್ಟರ ಕ್ಲಿನಿಕ್ಕಿನ ಟಾಯ್ಲೆಟ್‌ನಲ್ಲಿ ಒಂದು ಪೋಸ್ಟರ್. ಹೊಡೆತ ತಿನ್ನುವ ಹೆಂಗಸರಿಗೆ ಸಹಾಯವಾಣಿ. ಕೆಳಗೆ ನಂಬರಿನ ಚೀಟಿಗಳು. ಒಂದು ಹರಿದು ಕೋಟಿನ ಜೇಬಿನಲ್ಲಿಟ್ಟೆ. ಭಾವ ಜೇಬು ನೋಡುತ್ತಾನೆ ಎಂದು ತಿಳಿದಿರಲಿಲ್ಲ.

ಟಿವಿ ಹಾಕಿದ. ಅಡಿಗೆಮನೆಗೆ ಕರೆದ. ಚಮಚದ ಡ್ರಾಯರ್ ಎಳೆದು, “ಯಾವ ಕೈಯಲ್ಲಿ ಹರಿದೆ?” ಎಂದ. ತೋರಿಸಿದೆ. ತೋರಿಸಿದೆನಲ್ಲ, ಅದೇ... ಕೈ ಒಳಗಿಡು ಎಂದ. ಇಟ್ಟೆ. ಸೊಂಟದಿಂದ ಡ್ರಾಯರ್ ಮುಚ್ಚಿದ.

ಎರಡು ಬೆರಳು. ಅಕ್ಕ ಮರದ ಚಮಚದ ಹಿಡಿ ಮುರಿದು ಕಟ್ಟಿದಳು. ಆಸ್ಪತ್ರೆ ಇಲ್ಲ. ನಮ್ಮಿಬ್ಬರ ಫೋನೂ ಅವನ ಹತ್ತಿರ.

ಅಕ್ಕ ಗಂಟನ್ನು ಹಲ್ಲಿನಿಂದ ಎಳೆದು ಬಿಗಿದಳು. “ನಂಗೆ ಮಾಡ್ತಿದ್ದ, ಮಾಡ್ಕೊಳ್ಲಿ ಅಂದ್ಕೊಂಡಿದ್ದೆ,” ಎಂದಳು. ಅಷ್ಟೇ. ಚಮಚದ ತುಂಡು ಗುಡಿಸಿ ಹಾಕಿ ಬಂದು — “ಟ್ರ್ಯಾಕ್ಟರ್ ಹಿಂದಿನ ಆ ಪೆಟ್ಟಿಗೇಲಿ ನಾನು ಹಿಡಿಸ್ತೀನಾ?”

ನನ್ನ ಯೋಚನೆ ಅವಳಿಗೆ ಎಂದಿನಿಂದ ಗೊತ್ತು?

ಜನವರಿ 6, 2019, ಭಾನುವಾರ

ನಿಲ್ಲದೆ ಬೀಳುತ್ತಿದೆ. ಕಿಟಕಿಯ ಅರ್ಧ ಬಿಳಿ. ಬೊಬ್ಲಿಂಗೆನ್ ದಾರಿ ಮುಚ್ಚಿದೆ. ಅವನು ಮನೆಯಿಂದಲೇ ಕೆಲಸ. ಭಾನುವಾರ ಬಿಟ್ಟರೆ ಹಗಲೆಲ್ಲ ಮೀಟಿಂಗ್, ಎಲ್ಲರ ಜೊತೆ ನಗು. ನಮ್ಮಿಬ್ಬರದು ಕೈಸನ್ನೆ. ಹೊರಡುವುದು ಸೋಮವಾರದಿಂದ ಶುಕ್ರವಾರದೊಳಗೆ ಎಂದಾದರೂ, ಅವನು ಹೆಡ್‌ಫೋನ್ ಹಾಕಿದ ಹೊತ್ತಿಗೆ.

ಬೆಳಿಗ್ಗೆ ಷೆಡ್ಡಿನ ಮುಂದಿನ ನೆಲಕ್ಕೆ, ಹಿಮ ಕರಗಲೆಂದು, ಉಪ್ಪು ಹಾಕಿದೆ. ಹಲಗೆಯನ್ನು ಬಲಕ್ಕೆ ಓರೆ ಮಾಡಿ ಪಿನ್ ಹಾಕಿಟ್ಟೆ. ಮರಳಿನ ಚೀಲ ತೆಗೆದು ಪೆಟ್ಟಿಗೆಗೆ ಕಂಬಳಿ ಹಾಸಿದೆ. ಅಕ್ಕನೇ ಭಾರ.

ಜನವರಿ 10, ಗುರುವಾರ. ಆಸ್ಪತ್ರೆ

ನಿನ್ನೆಯದು. ಮರೆಯುವ ಮೊದಲು.

ಮಧ್ಯಾಹ್ನ. ಅನ್ನ ಆರಿದೆ ಎಂದು. ಕಾರಣ ಅದು. ಈ ಸಲ ಟಿವಿಯನ್ನೂ ಹಾಕಲಿಲ್ಲ. ತಟ್ಟೆ ಅಕ್ಕನ ಮುಖಕ್ಕೆ. ಬಿದ್ದಳು. ಹೊಟ್ಟೆ ಅಡಗಿಸಿ ಮಗ್ಗುಲಾದಳು. ಅವನು ಸುತ್ತಿಕೊಂಡು ಆ ಕಡೆಗೇ ಹೋಗಿ ಒದ್ದ. ನಾನು ಎಡಗೈಯಿಂದ ಕುಕ್ಕರ್ ಎತ್ತಿ ಅವನ ಬೆನ್ನಿಗೆ ಬೀಸಿದೆ. ಮೊಣಕಾಲೂರಿದ. ಲ್ಯಾಪ್‌ಟಾಪ್‌ನಲ್ಲಿ ಯಾರೋ “ಡಿಲಿಪ್? ಡಿಲಿಪ್?” ಎಂದು ಅವನನ್ನು ಕರೆಯುತ್ತಿದ್ದರು. ಅವನು ಎದ್ದು ಮೊದಲು ಹೋದದ್ದು ಅಲ್ಲಿಗೆ. ಮುಖ ಒರೆಸಿಕೊಂಡು, “ಸಾರಿ, ನೆಟ್‌ವರ್ಕ್,” ಎಂದ.

ಅಷ್ಟು ಹೊತ್ತು ಸಾಕಾಯಿತು.

ಷೆಡ್ಡಿನವರೆಗೆ ಅಕ್ಕನನ್ನು ಎಳೆದೆ ಎನ್ನಬೇಕು. ಹಿಂದೆ ನೋಡಿದರೆ ಹಿಮದ ಮೇಲೆ ಕೆಂಪು. ಪೆಟ್ಟಿಗೆಗೆ ಹತ್ತಿಸಿದೆ. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಹಲಗೆ ಇಳಿಸಿ ಬಿಟ್ಟೆ. ಸೊಂಟದುದ್ದ ಹಿಮ. ಚಕ್ರ ಒಮ್ಮೆ ತಿರುಗಿ ತಿರುಗಿ ನೆಲ ಹಿಡಿಯಿತು. ಹೋಯಿತು. ಓಡಿತು!

ದಾರಿ ತಿರುವಿನಲ್ಲಿ ಸುತ್ತುತ್ತದೆ. ಅವನು ಸುತ್ತಲಿಲ್ಲ. ಮರಗಳ ನಡುವೆ ನೇರ ಕೆಳಗೆ ಉರುಳಿ, ಎದ್ದು, ನಮ್ಮ ಮುಂದೆ ದಾರಿಗೆ ಬಂದ. ಚಡ್ಡಿ, ಬರಿಗಾಲು. ಎರಡೂ ಕೈ ಅಗಲಿಸಿ ನಿಂತ.

“ನಿಲ್ಸೇ! ಕೂಲಿಯೋಳೇ, ನಿಲ್ಸೇ!”

ಹಿಮ ಬೀಳುತ್ತಿತ್ತು. ಆದರೂ ಕಂಡ. ಹಲ್ಲು ಕಂಡವು. ಬ್ರೇಕಿನ ಮೇಲೆ ನನ್ನ ಬಲಗಾಲಿತ್ತು, ಒತ್ತಲಿಲ್ಲ. ನಿಲ್ಲುವುದಿಲ್ಲ ಎಂದು ಅವನಿಗೆ ಅನಿಸಿಯೇ ಇರಲಿಲ್ಲ. ಅದು ಅವನ ಮುಖದಲ್ಲಿತ್ತು.

ಹಲಗೆಯ ಮುಂದಿನ ಹಿಮದ ಗುಡ್ಡೆ ಮೊದಲು ಅವನ ತೊಡೆಗೆ ತಾಗಿತು. ಆಮೇಲೆ ಉಕ್ಕು. ಕಬ್ಬು ಲಟ್ಟೆಂದ ಹಾಗೆ ಸದ್ದು. ಓರೆ ಹಲಗೆ ಅವನನ್ನು ಹಿಮದ ಜೊತೆಗೇ ಬಲಕ್ಕೆ ಮಗುಚಿತು. ಕಿರುಚಾಟ ಪಕ್ಕದಿಂದ ಹಿಂದಕ್ಕೆ ಹೋಯಿತು.

ಪೆಟ್ಟಿಗೆಯಿಂದ ಅಕ್ಕ ಅವನನ್ನು ನೋಡಿದಳು. ಎರಡು ಅಡಿ ದೂರ. ನಿಲ್ಲಿಸು ಎನ್ನುತ್ತಾಳೆ ಎಂದುಕೊಂಡೆ.

“ಹೋಗು,” ಎಂದಳು.

ಫ್ರೌ ಹೌಗ್ ಬಾಗಿಲಲ್ಲಿ ಎರಡು ಮಾತು ಹೇಳಿದೆ. ಅಕ್ಕನಿಗೆ ರಕ್ತ ಹೋಗುತ್ತಿದೆ. ಮೇಲೆ ತಿರುವಿನಲ್ಲಿ ಒಬ್ಬ ಗಂಡಸು ಬಿದ್ದಿದ್ದಾನೆ. ಅದೇ ಕ್ರಮದಲ್ಲಿ.

ಮಗು ಬದುಕಿದೆ. ಹೆಣ್ಣು. ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಗೆ. ಅಕ್ಕ ಬದುಕಿದ್ದಾಳೆ. ಅವನೂ. ತೊಡೆಯ ಮೂಳೆ, ಸೊಂಟ. ಎರಡು ಮಹಡಿ ಕೆಳಗೆ.

ಸಂಜೆ

ನನ್ನ ಬೆರಳುಗಳಿಗೆ ಸರಿಯಾದ ಕಟ್ಟು ಹಾಕಿದರು. ಹೇಗಾಯಿತು ಎಂದು ಕೇಳಿದರು. ಅಕ್ಕನ ವಾರ್ಡು ಎಲ್ಲಿ ಎಂದು ತಿರುಗಿ ಕೇಳಿದೆ.

ಅಕ್ಕನನ್ನೂ ಕೇಳಿದರಂತೆ. ಜಾರಿ ಬಿದ್ದೆ ಎಂದಿದ್ದಾಳೆ. “ಯಾಕೆ ಹಾಗಂದೆ?” ಎಂದೆ.

“ಇಲ್ಲಾಂದ್ರೆ ನಿನ್ನ ಕೇಳ್ತಾರಲ್ಲೇ ಪುಟ್ಟಿ. ಅವನು ಹೇಗೆ ಬಿದ್ದ ಅಂತ.”

ಜನವರಿ 11, ಶುಕ್ರವಾರ. ಬೆಳಿಗ್ಗೆ

ಪೊಲೀಸಿನಾಕೆ ಬರುತ್ತಾರೆ. ಫೋನಿನಲ್ಲಿ ಕನ್ನಡ ದುಭಾಷಿಯೂ ಸಿಕ್ಕಿದ್ದಾರಂತೆ. ಫ್ರೌ ಹೌಗ್ ಸುದ್ದಿ ತಂದರು — ಅವನ ಹೇಳಿಕೆ ಆಗಿದೆ. ಅವನೂ ಜಾರಿ ಬಿದ್ದೆ ಎಂದಿದ್ದಾನೆ. ಟ್ರ್ಯಾಕ್ಟರಿನ ಮಾತೇ ಎತ್ತಿಲ್ಲ.

ಮೊದಲು ನಂಬಲಾಗಲಿಲ್ಲ. ಆಮೇಲೆ ಹೊಳೆಯಿತು. ನಾದಿನಿ, ಕೂಲಿ ಗಾಡಿಯಲ್ಲಿ ಕೂತು, ಅವನನ್ನು ಕಸದಂತೆ ಪಕ್ಕಕ್ಕೆ ನೂಕಿದಳು — ಇದನ್ನು ಆಫೀಸಿನಲ್ಲಿ ಯಾರಿಗೆ ಹೇಳುತ್ತಾನೆ? ಸೊಂಟ ಮುರಿದದ್ದನ್ನು ತಡೆದುಕೊಂಡಾನು. ಇದನ್ನಲ್ಲ.

ಫ್ರೌ ಹೌಗ್ ನನ್ನ ಮೊಣಕಾಲು ತಟ್ಟಿದರು. “ಹಾಗಾದರೆ ಮುಗಿಯಿತಲ್ಲ. ನೀನು ಏನೂ ಹೇಳಬೇಕಾಗಿಲ್ಲ.”

ಹೌದು. ಹೂಂ ಎಂದರೆ ಸಾಕು, ನಾನು ಉಳಿಯುತ್ತೇನೆ. ಮೂರು ಜನ, ಒಂದೇ ದಿನ, ಒಂದೇ ಹಿಮ, ಎಲ್ಲರೂ ಜಾರಿ ಬಿದ್ದವರು. ನನ್ನ ಬೆರಳೂ ಜಾರಿದ್ದೇ. ಎರಡು ತಿಂಗಳಿಗೆ ಅವನ ಮೂಳೆ ಕೂಡುತ್ತದೆ. ಆ ಹೊತ್ತಿಗೆ ನನ್ನ ವೀಸಾ ಮುಗಿದು ನಾನು ಮೈಸೂರಿನಲ್ಲಿ. ಅಕ್ಕ, ಮಗು, ಅದೇ ಮನೆ.

ಅವನು ಒದ್ದದ್ದನ್ನು ಹೇಳಬೇಕಾದರೆ ನಾನು ನಿಲ್ಲಿಸದೆ ಹೋದದ್ದನ್ನೂ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ.

ಅಕ್ಕ ಮಲಗಿದ್ದಾಳೆ. ಎಬ್ಬಿಸಿ ಕೇಳಿದರೆ ಬೇಡ ಎನ್ನುತ್ತಾಳೆ. ಎಬ್ಬಿಸುವುದಿಲ್ಲ.

ನಾಲಿಗೆ ಒಣಗುತ್ತಿದೆ. ನೀರು ಕುಡಿದೆ. ಜರ್ಮನ್‌ನಲ್ಲೇ ಹೇಳುತ್ತೇನೆ, ದುಭಾಷಿ ಬೇಡ. ಯಾರೂ ಮೆದು ಮಾಡಿ ಹೇಳುವುದು ಬೇಡ.

ಬಾಗಿಲು ತಟ್ಟುತ್ತಿದ್ದಾರೆ. ಮೊದಲು ಡ್ರಾಯರ್. ಆಮೇಲೆ ಅಕ್ಕನ ಹೊಟ್ಟೆ. ಆಮೇಲೆ ತಿರುವು, ಅವನು ನನಗೆ ಸ್ಪಷ್ಟವಾಗಿ ಕಂಡದ್ದು, ಮತ್ತು ನನ್ನ ಬಲಗಾಲು —