ಕೆಂಪು ಮಸಿಯಲ್ಲಿ ತಿದ್ದಿದ ಮಹಾಪ್ರಾಣ

ಗುಂಡ್ಲುಪೇಟೆ, ೧೪-೬-೧೯೫೬, ಗುರುವಾರ.

ನನ್ನ ಶಿಷ್ಯೆ ಗಂಗಾಂಬಿಕೆಗೆ ವಿದ್ಯಾರ್ಥಿವೇತನವಿಲ್ಲವಂತೆ. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸ್ಥಾನ ಸಿಕ್ಕಿದೆ. ಶುಲ್ಕ ಕಟ್ಟಲು ಆ ಮನೆಗೆ ಶಕ್ತಿಯಿಲ್ಲ. ಚಾಮರಾಜನಗರದ ದಾನಿ ಶಾಂತಮಲ್ಲಪ್ಪನವರು ಅಚ್ಚು ಹಾಕಿಸಿದ ಅರ್ಜಿಯಲ್ಲಿ ‘ವಿಧ್ಯಾರ್ಥಿ’ ಎಂದಿತ್ತು. ಅದನ್ನು ತುಂಬಿಕೊಟ್ಟವನು ನಾನು. ಮಹಾಪ್ರಾಣದ ಗೀಟನ್ನು ಕೆಂಪು ಮಸಿಯಿಂದ ಹೊಡೆದುಹಾಕಿದವನೂ ನಾನೇ.

“ನನ್ನ ದುಡ್ಡು ಬೇಕು, ನನ್ನ ಅಕ್ಸರ ಬ್ಯಾಡ್ವಾ?” ಎಂದು ಅವರು ಹುಡುಗಿಯ ತಂದೆಯ ಎದುರಿಗೇ ಅರ್ಜಿಯನ್ನು ಹರಿದರಂತೆ.

ತಂದೆ ಚಿಕ್ಕಮಲ್ಲಪ್ಪ ನನ್ನನ್ನು ಬೈಯಲಿಲ್ಲ. “ಅದೊಂದು ಗೀಟು ಇದ್ರೆ ಏನಾಗದು ಮೇಷ್ಟ್ರೇ? ಓಗಿ, ಅವರದೇ ಸರಿ ಅಂದ್ಬುಡಿ” ಎಂದ.

ಮೂವತ್ತೆರಡು ವರ್ಷ ಆ ತಪ್ಪಿಗಾಗಿ ಮಕ್ಕಳ ಅಂಗೈಗೆ ಹೊಡೆದಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹೋಗಿ ಅದೇ ಸರಿಯೆಂದು ಕೈಮುಗಿದು ಹೇಳಬೇಕು. ಹೇಳುತ್ತೇನೆ. ಗಂಗಾಂಬಿಕೆ ಮಾತ್ರ ಜೊತೆಗೆ ಬರಕೂಡದು.