ಟಿ ಅಂದರೆ ತಿಕೋಟಾ

ನನ್ನ ಕಿವಿ ಹಿಂಡುವ ಅಧಿಕಾರವನ್ನು ಯಾರಿಗೂ ವಹಿಸಿಕೊಡದೆ ಹೊರಟುಹೋದ ಅಕ್ಕನಿಗೆ, ತಮ್ಮನ ನಮಸ್ಕಾರ.

ನಾನು ಇಲ್ಲಿ ಕ್ಷೇಮ. ನಿನ್ನ ಕ್ಷೇಮ ಸಮಾಚಾರಕ್ಕೆ ಬರೆ ಎನ್ನುವುದು ಪದ್ಧತಿ. ಆದರೆ ನೀನು ನಿಜವಾಗಿ ಬರೆದುಬಿಟ್ಟರೆ ನಾನು ಹೆದರಿ ಅಲ್ಲಿಗೇ ಬರಬೇಕಾದೀತು, ಆದ್ದರಿಂದ ಕೇಳುವುದಿಲ್ಲ. ಸ್ಟೇಷನ್ ರಸ್ತೆಯ ನನ್ನ ಕೋಣೆಯಲ್ಲಿ, ವಾರದ ಹಾಸ್ಯ ಅಂಕಣ ಬರೆಯುವ ಅದೇ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಂಕಣದಲ್ಲಿ ನಾನು ಏನು ಬರೆದರೂ ಜನ ನಗುತ್ತಾರೆ. ನಳದಲ್ಲಿ ನೀರು ಬರದ ದುಃಖ ಬರೆದೆ, ಅದಕ್ಕೂ ನಕ್ಕರು. ಹೀಗಾಗಿ ಈ ವಿಷಯ ಅಲ್ಲಿಗಲ್ಲ. ನಗದೆ ಓದುವವಳು ನನಗೆ ಗೊತ್ತಿದ್ದಂತೆ ನೀನೊಬ್ಬಳೇ. ನನ್ನ ಒಂದು ಅಂಕಣಕ್ಕೂ ನೀನು ನಕ್ಕವಳಲ್ಲ.

ಆಸ್ಪತ್ರೆಗೆ ಸೇರಿದ ದಿನ ನೆನಪಿದೆಯೇ? ಪಿತ್ತಕೋಶದ ಕಲ್ಲು ತೆಗೆಸಲು ನೀನು ಮದುವೆಗೆ ಹೊರಟವಳಂತೆ ಬಂದಿದ್ದೆ. ತುರುಬಿನಲ್ಲಿ ಆ ಕರಿ ಹೇರ್‌ಪಿನ್ನು. ಲಂಗಕ್ಕೆ ಲಾಡಿ ಪೋಣಿಸಲು, ಕೀಲಿ ಕಳೆದ ಟ್ರಂಕು ತೆರೆಯಲು, ಓಣಿಯ ಮಕ್ಕಳೆಲ್ಲರ ಕಿವಿಯ ಕಸ ತೆಗೆಯಲು ನಿನಗಿದ್ದ ಏಕೈಕ ಆಯುಧ ಅದು. ಹಿಂದೆ ಚೀಲ ಹೊತ್ತುಕೊಂಡು ನಿನ್ನ ಗಂಡ, ಅಂದರೆ ನನ್ನ ಮಾಮಾ, ತಿಕೋಟಾದ ದ್ರಾಕ್ಷಿ ತೋಟದ ಧಣಿ. ವಾರ್ಡಿಗೆ ಕಾಲಿಟ್ಟವಳೇ ನೀನು ಪಕ್ಕದ ಹಾಸಿಗೆಯ ಹೆಂಗಸನ್ನು ವಿಚಾರಣೆಗೆ ತೆಗೆದುಕೊಂಡೆ. ಆಕೆಯ ಕಾಲಿಗೆ ಪ್ಲಾಸ್ಟರು.

"ಯಾವೂರಬೇ ನಿಂದು?"

"ಮಮದಾಪುರ."

"ತವರಮನಿ?"

"ಅದೂ ಮಮದಾಪುರನ. ಓಣಿ ಅಷ್ಟ ಬ್ಯಾರೆ."

"ಕಾಲಿಗೇನಾತು?"

"ಎಮ್ಮಿ ದೂಕಿತು."

"ಆ ಎಮ್ಮಿ ಹಾಲ ಎಲ್ಲಿ ಹಾಕ್ತೀರಿ?"

"ಬಬಲೇಶ್ವರದಾಗ. ಬಸ್‌ಸ್ಟ್ಯಾಂಡ್ ಹಂತೇಕಿನ ಚಾದಂಗಡಿಗೆ."

"ನೋಡ ಮತ್ತ! ನನ್ನ ತವರಮನಿ ಬಬಲೇಶ್ವರ. ನಮ್ಮ ಅಣ್ಣತಮ್ಮರೆಲ್ಲಾ ಕುಡಿಯೋದು ನಿನ್ನ ಎಮ್ಮಿ ಹಾಲಿಂದ ಚಾ. ಅಂದ್ರ ನಾವು ಒಂದ ಮನಿತನದವ್ರು."

ಆ ಹೆಂಗಸು, ಹುಸೇನಬಿ, ನಕ್ಕಳು. ಮಾಮಾ ತಲೆ ಚಚ್ಚಿಕೊಂಡರು. ನಿನಗೆ ಬಂಧುವಲ್ಲದವರು ಈ ಜಿಲ್ಲೆಯಲ್ಲಿ ಯಾರಿದ್ದರು ಹೇಳು? ಸಂಬಂಧದ ಎಳೆ ಸಿಗುವುದು ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ.

ಆಪರೇಷನ್ ಆದ ಮೇಲೆ ನೀನು ಮೊದಲು ಕೇಳಿದ್ದು ಆ ಕಲ್ಲುಗಳನ್ನು. "ಬಾಟಲ್ಯಾಗ ಹಾಕಿ ಕೊಡ್ರಿ, ತಿಕೋಟಾದ ಮಂದಿಗೆ ತೋರಸ್ಬೇಕು. ಬರೇ ಹೊಟ್ಟಿ ನೋವು ಅಂದ್ರ ನಂಬಂಗಿಲ್ಲ ಅವರು." ಕಲ್ಲು ಬಾಟಲಿಗೆ ಬಂತು. ಆಮೇಲೆ ಹೊಲಿಗೆಯ ಸುತ್ತ ಕೆಂಪು ಬಂತು, ಕೀವು ಬಂತು, ಜ್ವರ ಬಂತು. ಇಂಜೆಕ್ಷನ್ ಬದಲಾಯಿತು, ಮತ್ತೆ ಬದಲಾಯಿತು. ಡಾಕ್ಟರು "ಸ್ಟಾಫ್ ಇನ್‌ಫೆಕ್ಷನ್" ಎಂದಾಗ ಮಾಮಾ, "ಯಾವ ಸ್ಟಾಫ್‌ರಿ? ನರ್ಸಮ್ಮನವ್ರಾ, ಕಸಾ ಹೊಡಿಯಾಕಿಯಾ?" ಎಂದು ಕೇಳಿದ್ದರು. ಅದು ಬ್ಯಾಕ್ಟೀರಿಯಾದ ಹೆಸರು, ಅದರಲ್ಲೂ ಇದು ಮಾಮೂಲಿ ಔಷಧಗಳಿಗೆ ಜಗ್ಗದ ಜಾತಿ ಎಂದು ತಿಳಿಯುವ ಹೊತ್ತಿಗೆ ನಾವು ನಗುವುದನ್ನು ನಿಲ್ಲಿಸಿದ್ದೆವು. ನೀನು ಮಾತ್ರ ನಿಲ್ಲಿಸಲಿಲ್ಲ. ಐಸಿಯುದಲ್ಲಿ ಹೊಸ ನರ್ಸಮ್ಮನನ್ನು "ತವರಮನಿ ಯಾವುದವಾ" ಎಂದು ಕೇಳಿದೆ. ಆಕೆ ಹೇಳುವುದರೊಳಗೆ ನೀನು…

ಆಕೆಯ ತವರು ಇಂಡಿ ಪಟ್ಟಣವಂತೆ. ಆಮೇಲೆ ಕೇಳಿಕೊಂಡೆ. ಏನಾದರೂ ಎಳೆ ಸಿಕ್ಕಿಯೇ ಸಿಗುತ್ತಿತ್ತು.

ನೀನು ಹೋದ ಮೇಲೆ ಮಾತಾಡಿಸಲು ಬಂದ ಮಂದಿಯ ನಡುವೆ ಕುಳಿತಾಗ ಮಾಮಾ ಒಂದು ಮಾತು ಆಡಿದರು. "ಬಾಜೂ ಕಾಟಿನಾಕಿಗೂ ಇದ ರೋಗ ಆಗಿತ್ತು. ಆಕೀನ ಕೊಟ್ಲು." ದುಃಖದಲ್ಲಿ ಆಡಿದ್ದು, ಒಂದೇ ಸಲ ಆಡಿದ್ದು. ಆದರೆ ಮಾತಾಡಿಸಲು ಬಂದವರು ಬಸ್ಸು ಹತ್ತಿ ಹೋಗುವವರಲ್ಲವೇ? ಮಾತೂ ಹತ್ತಿತು. ಬಬಲೇಶ್ವರದಲ್ಲಿ ಇಳಿಯಿತು. ಹುಸೇನಬಿಗೆ ಪ್ಲಾಸ್ಟರಿನ ಒಳಗೆ ಕೀವಾಗಿದ್ದು ನಿಜ. ಬೇರೊಂದು ಔಷಧ ಹಿಡಿದು ಆಕೆ ಬದುಕಿ ಮನೆಗೆ ಹೋದದ್ದೂ ನಿಜ. ಬದುಕಿದ್ದೇ ತಪ್ಪಾಯಿತು ನೋಡು. ಆಕೆಯ ಮಗ ರಫೀಕ್ ಒಂದು ದಿನ ಹಾಲಿನ ಕ್ಯಾನುಗಳ ಸಮೇತ ನನ್ನ ಬಾಗಿಲಿಗೆ ಬಂದು ನಿಂತ. ಕ್ಯಾನು ತುಂಬಿಯೇ ಇದ್ದವು.

"ಕಾಕಾ, ಚಾದಂಗಡ್ಯಾಗ ಒಲ್ಲೆ ಅಂದ್ರು. ರೋಗದಾಕಿ ಮನಿ ಹಾಲಂತ. ನೀವು ಪೇಪರ್ದಾಗ ಬರೀರಿ, ಹಾಲಿನ್ಯಾಗ ಏನೂ ಇಲ್ಲಂತ."

"ನಾ ಬರದ್ರ ಮಂದಿ ನಗ್ತಾರೋ ಹುಚ್ಚಾ."

"ನಗ್ಲೇಳ್ರಿ. ಹಾಲ ತಗೊಂಡು ನಗ್ಲಿ."

ಆಸ್ಪತ್ರೆಯ ಲ್ಯಾಬಿಗೆ ಹೋದದ್ದು ಆ ಮೇಲೆಯೇ. ಅಲ್ಲಿಯ ಮೇಡಂ ನನ್ನ ಅಂಕಣ ಓದುವವರಂತೆ. ನನ್ನ ಮುಖ ನೋಡಿದ ಕೂಡಲೇ ನಗಲು ಸಿದ್ಧರಾದರು, ಪಾಪ. ನಿನ್ನ ಹೆಸರು ಹೇಳಿದ ಮೇಲೆ ಕುರ್ಚಿ ಎಳೆದುಕೊಟ್ಟರು. ಆ ವಾರ್ಡಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳನ್ನೆಲ್ಲ ದೊಡ್ಡ ಲ್ಯಾಬಿಗೆ ಜೀನ್ ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ನನಗೆ ಅರ್ಥವಾಗಲಿ ಎಂದು ತಮ್ಮ ಇಳಕಲ್ ಸೀರೆಯ ಅಂಚಿನ ದಡಿ ಹಿಡಿದು ತೋರಿಸಿದರು. "ಈ ದಡಿಯೊಳಗ ಚಿಕ್ಕಿ ಹೆಂಗ ಒಂದರ ಹಿಂದ ಒಂದು ಬಂದಾವು ನೋಡ್ರಿ. ಆ ಬ್ಯಾಕ್ಟೀರಿಯಾದ ಒಂದು ಜೀನ್‌ನಾಗೂ ಹಿಂಗ ತುಣುಕು ಸಾಲಾಗಿ ಬರ್ತಾವು. ಯಾವ ತುಣುಕು, ಯಾವ ಸಾಲು ಅಂತ ಓದಿದ್ರ ಎರಡು ಒಂದ ಮನಿತನದವು ಹೌದೋ ಅಲ್ಲೋ ಅನ್ನೋದು ತಿಳೀತೈತಿ." ಮನಿತನ! ಅಕ್ಕಾ, ನೀನು ಮಾಡುತ್ತಿದ್ದ ವಿಚಾರಣೆಯನ್ನೇ ಇವರು ಯಂತ್ರ ಇಟ್ಟುಕೊಂಡು ಮಾಡುತ್ತಾರೆ. ನಿನಗೆ ಒಂದು ಕುರ್ಚಿ ಕೊಟ್ಟಿದ್ದರೆ ಸಾಕಿತ್ತು.

ಮೇಡಂ ಇನ್ನೊಂದು ಮಾತು ಹೇಳಿದರು. ಈ ಬ್ಯಾಕ್ಟೀರಿಯಾ ಎಷ್ಟೋ ಜನರ ಮೂಗಿನೊಳಗೆ ಏನೂ ತೊಂದರೆ ಕೊಡದೆ ಸುಮ್ಮನೆ ಕುಳಿತಿರುತ್ತದಂತೆ. ಮನೆಯವರ ಮೂಗನ್ನೂ ಪರೀಕ್ಷೆ ಮಾಡಿದರೆ ಒಳ್ಳೆಯದು ಎಂದರು. ನಾನು ಕೊಟ್ಟೆ, ನನ್ನದರಲ್ಲಿ ಏನೂ ಇರಲಿಲ್ಲ. ಮಾಮಾ ಮಾತ್ರ, "ನನ್ನ ಮೂಗಿಗೇನಾಗೇತಿ? ಒಂದ ಸೀನೂ ಬಂದಿಲ್ಲ," ಎಂದು ಎದ್ದು ಹೋದರು.

ಫಲಿತಾಂಶದ ದಿನ ಮೇಡಂ ಎದುರು ನಾವು ಮೂವರು ಕುಳಿತಿದ್ದೆವು: ಮಾಮಾ, ರಫೀಕ್, ನಡುವೆ ನಾನು. ಎರಡು ಮನೆಯವರ ಒಪ್ಪಿಗೆ ಕೇಳಿಯೇ ಅವರು ಬಾಯಿ ಬಿಟ್ಟರು. ನಿನ್ನದೂ ಹುಸೇನಬಿಯದೂ ಒಂದೇ ದಡಿ. ಹೆಸರು ಮಾತ್ರ ಬಸ್ಸಿನ ನಂಬರಿನ ಹಾಗೆ, ಇಂಗ್ಲಿಷಿನ ಟಿ ಅಕ್ಷರದ ಮುಂದೆ ಒಂದಿಷ್ಟು ಅಂಕಿ.

"ನಾ ಹೇಳಿದ್ದಿಲ್ಲಾ?" ಮಾಮಾ ಮೇಜು ಗುದ್ದಿದರು.

"ಯಜಮಾನ್ರ, ಇದು ಮನಿತನ ಹೇಳ್ತೈತಿ. ತಾಯಿ ಯಾರು, ಮಗಳು ಯಾರು ಅಂತ ಹೇಳಂಗಿಲ್ಲ. ಆಕಿಯಿಂದ ಈಕಿಗೆ ಬಂತೋ, ಈಕಿಯಿಂದ ಆಕಿಗೆ ಹೋತೋ, ಇಬ್ಬರಿಗೂ ಯಾರದರ ಕೈಯಿಂದ, ಡ್ರೆಸ್ಸಿಂಗ್ ಟ್ರೇದಿಂದ, ಹಾಸಿಗಿಯಿಂದ ಬಂತೋ… ನಾವೂ ಇನ್ನಾ ಹುಡಕಾಕತ್ತೇವಿ. ನಮ್ಮ ಮಂದಿ ಮೂಗೂ ಬಿಟ್ಟಿಲ್ಲ."

ರಫೀಕ್ ತಲೆ ಕೆರೆದುಕೊಂಡು ಕೇಳಿದ: "ಮೇಡಂ, ಟಿ ಅಂದ್ರ ಏನ್ರಿ? ತಿಕೋಟಾ ಏನ್ರಿ?"

ಮಾಮಾ ಕುರ್ಚಿ ಬೀಳುವ ಹಾಗೆ ಎದ್ದರು. "ಏ ತಮ್ಮಾ! ನಮ್ಮೂರ ಹೆಸರ ತಗದ್ರ ನೋಡು!"

ಅದು ಬರಿಯ ಗುರುತಿನ ಅಕ್ಷರ, ಊರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮೇಡಂ ಎಷ್ಟು ಹೇಳಿದರೂ ಮಾಮಾ ಮೆಟ್ಟಿಲು ಇಳಿಯುವವರೆಗೂ "ತಿಕೋಟಾ ಅಂತ ತಿಕೋಟಾ" ಎಂದು ಗೊಣಗುತ್ತಲೇ ಇದ್ದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹಾಲು ಉಳಿಸಲೆಂದು ಹೋದವನು ಚಾಡಿಗೆ ಲ್ಯಾಬಿನ ಸಹಿ ಹಾಕಿಸಿಕೊಂಡು ಬಂದಿದ್ದೆನಲ್ಲ?

ಮಮದಾಪುರಕ್ಕೆ ಹೋದಾಗ ಹುಸೇನಬಿ ಅಂಗಳದಲ್ಲಿ ಕಾಲು ಚಾಚಿ ಕುಳಿತಿದ್ದಳು. ಎಮ್ಮೆಯ ಮುಖ ನೋಡುತ್ತಿದ್ದಳು, ನನ್ನ ಮುಖ ನೋಡಲಿಲ್ಲ.

"ಖರೇ ಹೇಳ್ರಿ. ನಾನ ಕೊಟ್ಟೆನೇನ್ರಿ ಆಕಿಗೆ?"

ಎಲ್ಲದಕ್ಕೂ ಒಂದು ನಗೆಮಾತು ಇಟ್ಟುಕೊಂಡಿರುವ ನಿನ್ನ ತಮ್ಮನೂ ಎಮ್ಮೆಯ ಮುಖವನ್ನೇ ನೋಡಿದ. ಯಾರಿಗೂ ಗೊತ್ತಿಲ್ಲ ಎಂದೆ. ಆಕೆ ಹೇಳಿದಳು: "ಪ್ಲಾಸ್ಟರ ಒಳಗ ಭಾಳ ತಿಂಡಿ-ತುರಿಕಿ ಬಿಡ್ತಿತ್ರಿ. ಅಳ್ತಿದ್ನಿ. ಆಕಿ ತನ್ನ ತಲ್ಯಾನ ಪಿನ್ನ ತಗದು ಕೊಟ್ಲು. 'ಒಳಗ ಹಾಕಿ ಕೆರ್ಕೊ, ಯಾರೂ ನೋಡಂಗಿಲ್ಲ' ಅಂದ್ಲು. ನಾ ಕೆರ್ಕೊಂಡು ಕೊಡ್ತಿದ್ನಿ. ಆಕಿ ತನ್ನ ಹೊಟ್ಟಿ ಹೊಲಿಗಿ ಪಟ್ಟಿ ಹಂತೇಲೆ ಕೆರ್ಕೊಂಡು ತುರುಬಿಗೆ ಸಿಗಸ್ತಿದ್ಲು. ಡಾಕ್ಟರ್ ಬಂದ್ರ ಇಬ್ಬರೂ ಕಣ್ಣ ಮುಚ್ಕೊಂಡು ಮಲಗ್ತಿದ್ವಿ." ನಗುತ್ತ ಹೇಳತೊಡಗಿದವಳು ನಗುತ್ತ ಮುಗಿಸಲಿಲ್ಲ. "ಇದನ್ನ ಯಾರಿಗೂ ಹೇಳಿಲ್ರಿ. ಸತ್ತಾಕಿ ಮ್ಯಾಲ ಹಾಕಿದಂಗ ಆಕ್ಕೈತಿ."

ಅಕ್ಕಾ, ನೀನು ಹೇಳು. ಹಾಲು ಕ್ಯಾನಿನಲ್ಲೇ ಕೆಡುತ್ತಿರುವಾಗಲೂ ನಿನ್ನ ಹೆಸರು ಕೆಡಬಾರದು ಎಂದು ಆಕೆ ಬಾಯಿ ಮುಚ್ಚಿಕೊಂಡಿದ್ದಳು. ನಾನು ಏನು ಮಾಡಬೇಕಿತ್ತು? ಹೇಳಿದರೆ, ಪಿನ್ನು ಕೊಟ್ಟವಳು ನೀನು ಎಂದಾಗುತ್ತದೆ. ಹೇಳದಿದ್ದರೆ… ಇಡೀ ದಾರಿ ನಿನ್ನನ್ನು ಕೇಳುತ್ತ ಬಂದೆ. ಜೀವಂತ ಇದ್ದಾಗ ಕೇಳದೆಯೇ ಸಲಹೆ ಕೊಡುತ್ತಿದ್ದವಳು, ಬೇಕಾದಾಗ ಒಂದು ಚಕಾರವಿಲ್ಲ.

ತಿಕೋಟಾದಲ್ಲಿ ಮಾಮಾ ದ್ರಾಕ್ಷಿ ಒಣಹಾಕುವ ಶೆಡ್ಡಿನಲ್ಲಿದ್ದರು. ನಿನ್ನ ಅಪ್ಪಣೆ ಬರದಿದ್ದರೂ ಪಿನ್ನಿನ ವಿಷಯ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಕೈ ಮೆಲ್ಲಗೆ ಕಿವಿಗೆ ಹೋಯಿತು.

"ಆಪರೇಶನ್ ದಿನಾ ಮುಂಜಾನೆ ನನ್ನ ಕಿವ್ಯಾಗೂ ಹಾಕಿದ್ಲೋ. 'ಡಾಕ್ಟರ್ ಹೇಳೋದು ನಿಮಗೊಂದೂ ಕೇಳಸವಲ್ದು, ಬರ್ರಿ ಇಲ್ಲೆ' ಅಂದು, ಕಸಾ ತಗದು, ಸೆರಗಿಲೆ ಒರಸಿ, ತಲಿಗೆ ಸಿಗಿಸ್ಕೊಂಡು ಒಳಗ ಹೋದ್ಲು." ಒಣದ್ರಾಕ್ಷಿಯಲ್ಲಿನ ಕಡ್ಡಿ ಆರಿಸತೊಡಗಿದರು. "ಹಂಗಾದ್ರ ನನ್ನಿಂದನೂ ಬಂದಿರಬಹುದಲ್ಲೋ?"

ಮರುದಿನವೇ ಬಂದು ಮೂಗು ಕೊಟ್ಟರು. ಅದೇ ದಡಿ, ಅದೇ ಟಿ, ಅವೇ ಅಂಕಿ. ಮೊದಲಿನಿಂದಲೇ ಇತ್ತೋ, ನಿನ್ನ ಶುಶ್ರೂಷೆ ಮಾಡುವಾಗ ಅಂಟಿತೋ, ಇದೂ ಗೊತ್ತಾಗುವುದಿಲ್ಲ ಎಂದು ಮೇಡಂ ಎರಡು ಸಲ ಹೇಳಿದರು. ಮೂಗಿಗೆ ಹಚ್ಚುವ ಮುಲಾಮು ಕೊಟ್ಟರು. ಮಾಮಾ ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ. ಕಿವಿಯ ಕಸ ತೆಗೆಯಲು ಈಗ ನೀನಿಲ್ಲವಲ್ಲ.

ಮೊನ್ನೆ ಅವರೇ "ನಡಿ" ಎಂದು ನನ್ನನ್ನು ಬಬಲೇಶ್ವರಕ್ಕೆ ಕರೆದುಕೊಂಡು ಹೋದರು. ರಫೀಕ್‌ನನ್ನೂ ಕ್ಯಾನಿನೊಂದಿಗೆ ಬರಹೇಳಿದ್ದರು. ಬಸ್‌ಸ್ಟ್ಯಾಂಡ್ ಹತ್ತಿರದ ಆ ಚಹದಂಗಡಿ, ನಮ್ಮ ಅಣ್ಣತಮ್ಮಂದಿರು ಕೂರುವ ಅದೇ ಬೆಂಚು. ಎಲ್ಲರೂ ಇದ್ದರು.

"ಈ ಹುಡುಗನ ಹಾಲಿಂದ ಚಾ ಮಾಡು," ಎಂದರು ಮಾಮಾ.

"ಧಣೀರ, ಆ ಮನೀದು ಬಿಟ್ಟೇವ್ರಿ. ರೋಗ…"

"ರೋಗ ಎಲ್ಲಿಂದು ಗೊತ್ತೈತೇನು ನಿನಗ? ಲ್ಯಾಬಿನ್ಯಾಗ ಬರದು ಕೊಟ್ಟಾರ. ಟಿ ಐತದು. ಟಿ ಅಂದ್ರ ತಿಕೋಟಾ. ನಮ್ಮ ಮನೀಂದ ಬಂದದ್ದು, ನನ್ನ ಮೂಗಿನ್ಯಾಗ ಸಿಕ್ಕೈತಿ. ಆಕಿ ಪಾಪ, ನಮ್ಮಿಂದ ಅನುಭವಿಸ್ಯಾಳ." ನನ್ನ ಕಡೆ ತಿರುಗಿದರು. "ಹೌದಿಲ್ಲೋ ಪೇಪರಿನವನ? ಹೇಳು."

ಪಿನ್ನಿನ ಮಾತನ್ನು ಅವರು ಎತ್ತಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಟಿ ಅಂದರೆ ತಿಕೋಟಾ ಅಲ್ಲ ಎಂದು ಅವರಿಗೂ ಗೊತ್ತು, ರಫೀಕ್‌ಗೂ ಗೊತ್ತು. ವಿಜ್ಞಾನದ ಪರವಾಗಿ ಒಂದು ಮಾತು ಆಡಬೇಕಾಗಿದ್ದವನು ನಾನು.

"ಹೌದ್ರಿ ಮಾಮಾ," ಎಂದೆ. "ತಿಕೋಟಾನ."

ಅಕ್ಕಾ, ನಾನು ಆಡಿದ ಮಾತಿಗೆ ಊರಲ್ಲಿ ಯಾರೂ ನಗದೆ ಇದ್ದದ್ದು ಅದೇ ಮೊದಲು. ಅಂಗಡಿಯವನು ಸ್ಟೋ ಪಂಪು ಹೊಡೆದ. ರಫೀಕ್ ಕ್ಯಾನಿನ ಮುಚ್ಚಳ ತೆಗೆದ.

ಚಹ ಹೇಗಿತ್ತು ಎಂದು ಕೇಳುತ್ತೀಯಾ? ಸಕ್ಕರೆ ಹೆಚ್ಚಾಗಿತ್ತು. ಮಾಮಾ ಇನ್ನೊಂದು ಕಪ್ಪು ಹಾಕಿಸಿಕೊಂಡರು.