ಒಂದು ತೆಂಗಿನಮರದಷ್ಟು ಪಕ್ಕಕ್ಕೆ

ಪೆಲಿಕನ್ ಕೊಲ್ಲಿ, ಟೊಬೇಗೊ
ಶುಕ್ರವಾರ, ಮೇ ೧೪

ನನ್ನ ಮೊಂಡು ಅಮ್ಮನಿಗೆ,

ನಿನ್ನ ಕಡವೆಕೊಂಬಿನ ಹವಳ ಜೀವಂತವಾಗಿದೆ. ಇವತ್ತು ಬೆಳಿಗ್ಗೆ ಒಂಬತ್ತೂಕಾಲಿಗೆ, ಹನ್ನೆರಡು ಅಡಿ ನೀರಿನಲ್ಲಿ, ನಾನೇ ಕಣ್ಣಾರೆ ಕಂಡೆ. ದೋಣಿಯಲ್ಲಿದ್ದ ಹಾಲಿಸ್ ಮಾವ ಸಾಕ್ಷಿ. ನಲವತ್ತೊಂದು ಫೋಟೊ ತೆಗೆದಿದ್ದೇನೆ. ಕೂದಲಿನ ಉಪ್ಪುನೀರು ಈ ಕಾಗದದ ಮೇಲೆ ತೊಟ್ಟಿಕ್ಕುತ್ತಿದೆ, ಒರೆಸಿಕೊಳ್ಳುವಷ್ಟು ತಾಳ್ಮೆ ಇಲ್ಲ.

ನೀನು ಮಂಡಿ ಆಪರೇಷನ್ನಿಗೆ ಟ್ರಿನಿಡಾಡಿಗೆ ಹೋದ ಮೇಲೆ ಮೂರು ಸಲ ಹುಡುಕಿದ್ದೆ. ಬಂದರು ಕಚೇರಿಗೆ ನೀನು ಬರೆಸಿದ ಗುರುತೇ: ದೋಣಿಯಿಂದ ನೋಡಿದರೆ ಚರ್ಚಿನ ಶಿಲುಬೆ ದಡದ ಮೂರನೇ ತೆಂಗಿನಮರದ ನೆತ್ತಿಗೆ ಸರಿಯಾಗಿ ನಿಲ್ಲಬೇಕು. ಮೂರು ಸಲವೂ ಬರೀ ಮರಳು. ಕಚೇರಿಯವರು ಮುಳುಗಿ ನೋಡಿದಾಗಲೂ ಮರಳೇ. ಅದಕ್ಕೇ ಆ ಜಾಗದಲ್ಲೆಲ್ಲ ವಿಹಾರನೌಕೆಗಳಿಗೆ ಲಂಗರು ಹಾಕಲು ಬಿಡುತ್ತಾರಂತೆ. ಒಂದು ಲಂಗರು ಎಳೆದಾಡಿದರೆ ಸಾಕು, ಹವಳ ಪುಡಿ.

ನಿನ್ನೆ ಇದನ್ನು ಹೇಳಿದಾಗ ಹಾಲಿಸ್ ಮಾವ ಬಲೆ ಬಿಟ್ಟು ಹೊಟ್ಟೆ ಹಿಡಿದು ನಕ್ಕರು.

"ಅಯ್ಯೋ ಪೆದ್ದಿ, ದೋಣಿಯವರು ಯಾರಿಗಾದ್ರೂ ನಿಜವಾದ ಗುರುತು ಹೇಳ್ತಾರೇನೇ? ನಿಮ್ಮಮ್ಮ ಪಾದ್ರಿಗೂ ಹೇಳಿಲ್ಲ! ಆದ್ರೆ ಅವಳ ಸುಳ್ಳು ನಂಗೊತ್ತು. ಯಾವಾಗ್ಲೂ ಒಂದು ಮರದಷ್ಟು ಪಕ್ಕಕ್ಕೆ."

"ಯಾವ ಪಕ್ಕಕ್ಕೆ, ಮಾವ?"

"ಅದನ್ನ ದಡದಲ್ಲಿ ಹೇಳಿದ್ರೆ ನಾನೆಂಥ ದೋಣಿಯವನು? ಬೆಳಿಗ್ಗೆ ಬಾ."

ಎರಡನೇ ಮರ, ಅಮ್ಮ! ಮುಖ ನೀರಿಗಿಟ್ಟೆ, ಕಂಡಿತು. ಉಸಿರುಕೊಳವೆಯೊಳಗೇ ಕೂಗಿ ಉಪ್ಪುನೀರು ಕುಡಿದೆ. ಮೂವತ್ತು ವರ್ಷ ಪ್ರವಾಸಿಗರನ್ನು ಕೂರಿಸಿಕೊಂಡು ನಿನ್ನ ದೋಣಿಯ ತಳದ ಗಾಜಿನಿಂದ ನೀನು ನೋಡಿದ್ದು ಅದರ ನೆತ್ತಿ ಮಾತ್ರ. ಈಜು ಬಾರದ ನೀನು ಅದರ ಅಡಿ ನೋಡಿಲ್ಲ. ನಾನು ಉಸಿರು ಕಟ್ಟಿ ಕೆಳಗಿಳಿದೆ. ಸಾಸಿವೆ ಬಣ್ಣದ ಕೊಂಬುಗಳು ನಮ್ಮ ಅಡುಗೆಮನೆಯಷ್ಟು ಅಗಲ ಚಾಚಿವೆ. ತುದಿಗಳು ಬೆಳ್ಳಗಿವೆ, ಅಂದರೆ ಇನ್ನೂ ಬೆಳೆಯುತ್ತಿವೆ. ಅವುಗಳ ನೆರಳಲ್ಲಿ ಹಳದಿ ಪಟ್ಟೆಯ ಮೀನುಗಳು ಬಸ್ಸಿಗೆ ಕಾದವರಂತೆ ಒತ್ತಾಗಿ ನಿಂತಿದ್ದವು. ನಾನು ಹೋದರೂ ಜಾಗ ಬಿಡಲಿಲ್ಲ. ಹದಿನೇಳು ಸಲ ಮುಳುಗಿದೆ. ಕೊನೆಗೆ ಮಾವ, "ಮೇಲೆ ಬಾರೇ, ನಿನಗೆ ಕಿವಿರು ಬಂದೀತು!" ಎಂದು ಹುಟ್ಟುಗೋಲಿನಿಂದ ದೋಣಿ ಬಡಿದರು.

ಈಗ ಕೇಳು. ಹವಳ ಉಳಿಯಬೇಕಾದರೆ ನಿಜವಾದ ಗುರುತನ್ನು ಬಂದರು ಕಚೇರಿಯ ಸಭೆಯಲ್ಲಿ ಎಲ್ಲರೆದುರು ಹೇಳಬೇಕು. ಆಮೇಲೆ ಅದು ನಿನ್ನೊಬ್ಬಳದಾಗಿ ಉಳಿಯುವುದಿಲ್ಲ. ನಿನ್ನನ್ನು ಕೇಳದೆ ಹೇಳಲಾರೆ. ಫೋನಿನಲ್ಲಿ ಮಾತಾಡಿದರೆ ಚಿಕ್ಕಮ್ಮ ಸ್ಪೀಕರ್ ಹಾಕುತ್ತಾಳೆ. ಅದಕ್ಕೇ ಮಧ್ಯಾಹ್ನದ ಹಡಗಿನಲ್ಲಿ ಈ ಕಾಗದ. ಸೋಮವಾರದೊಳಗೆ ಫೋನು ಮಾಡಿ ಹೂಂ ಅಥವಾ ಊಹೂಂ ಅನ್ನು, ಸಾಕು.

ನಿನ್ನ ಮಗಳು,
ಕೆಜಿಯಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಹೋದ ತಿಂಗಳು ನೀನು ಬಾರದ ಸಭೆಯಲ್ಲಿ "ಅಮ್ಮನ ಕಣ್ಣು ಮಂಜಾಗಿದೆ, ಹವಳ ಎಂದೋ ಸತ್ತಿದೆ" ಎಂದದ್ದು ಹಾಲಿಸ್ ಮಾವ ಅಲ್ಲ, ನಾನು. ನೀನು ಅವರ ಜೊತೆ ಮಾತು ಬಿಟ್ಟಾಗಲೂ ಅವರು ನನ್ನ ಹೆಸರು ಹೇಳಲಿಲ್ಲ. ಲಂಗರು ತಾಣವಾದರೆ ಅದರ ಮೇಲ್ವಿಚಾರಣೆ ಕೆಲಸ ನನಗೇ ಎಂದು ಕಚೇರಿಯವರು ಹೇಳಿದ್ದರು, ಆ ಆಸೆಗೆ ಹಾಗೆಂದೆ. ಇವತ್ತು ದಡಕ್ಕೆ ಬಂದವಳೇ ಒದ್ದೆ ಬಟ್ಟೆಯಲ್ಲೇ ಕಚೇರಿಗೆ ಹೋಗಿ ಆ ಕೆಲಸದಿಂದ ನನ್ನ ಹೆಸರು ಹೊಡೆಸಿದೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಮೂರನೆಯದಾಗಿ ಮಾತಾಡಲು ನನ್ನನ್ನು ಕರೆಯುತ್ತಾರೆ.